ತಾಗಿದವರೇ ಹೇಳಬೇಕು

ಮದುವೆಯಾಗಿ ನೈರೋಬಿಗೆ ಬಂದ ಮೇಲೆ ಪ್ರಣತಿಗೆ ಗಂಡನ ಬಗ್ಗೆ ಇದ್ದದ್ದು ಒಂದೇ ಕೊರಗು. ಚೇತನ್ ಕುಡಿಯುವವನಲ್ಲ, ಬಯ್ಯುವವನಲ್ಲ. ಆದರೆ ಸುಳ್ಳು ಅವನ ನಾಲಗೆಯ ಮೇಲೆ ಪೆಪ್ಪರಮೆಂಟಿನ ಹಾಗೆ ಸದಾ ಕರಗುತ್ತಿರುತ್ತಿತ್ತು. ಸ್ನಾನಕ್ಕೆ ಹೋಗುವ ಮೊದಲೇ ಫೋನಿನಲ್ಲಿ, “ವೆಸ್ಟ್‌ಲ್ಯಾಂಡ್ಸ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದೀನಿ ಸಾರ್” ಅನ್ನುವನು. ಅವಳು ಮಾಡಿದ ಹುಳಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡು, ಬೆಂಗಳೂರಿನ ತಾಯಿಗೆ, “ಇವಳಿಗೆಲ್ಲಿ ಅಡುಗೆ ಬರತ್ತಮ್ಮ” ಅನ್ನುವನು. ಅಜ್ಜಿಯ ಕಥೆ ಕೇಳುತ್ತಲೇ ನಿದ್ದೆ ಹೋಗಿ, ಕನಸಿನಲ್ಲಿ ಕಥೆ ಮುಂದುವರಿಸಿಕೊಂಡು ಬೆಳೆದ ಹುಡುಗಿ ಅವಳು. ಆ ಕಥೆಗಳಲ್ಲಿ ಮಾತಿಗೆ ತಪ್ಪಿದ ರಾಕ್ಷಸನೂ ನಿಂತಲ್ಲೇ ಕಲ್ಲಾಗುತ್ತಿದ್ದ. ಊರಿಗೆಲ್ಲ ಏನಾದರೂ ಹೇಳಿಕೊಳ್ಳಲಿ, ನನ್ನ ಹತ್ತಿರ ಮಾತ್ರ ನಿಜ ಹೇಳಲಿ ಎಂದು ಅವಳು ತನ್ನ ಆಸೆಯನ್ನು ಕತ್ತರಿಸಿ ಕತ್ತರಿಸಿ ಅಷ್ಟಕ್ಕೆ ತಂದಿಟ್ಟುಕೊಂಡಿದ್ದಳು.

೨೦೧೬ರ ಆಗಸ್ಟಿನಲ್ಲಿ, ನೈರೋಬಿಯ ಚಳಿಗಾಲದಲ್ಲಿ, ಚೇತನನ ಟೆಲಿಕಾಂ ಕಂಪನಿಗೆ ದ್ವಾರಕಾನಾಥ್ ಎಂಬ ಹೊಸ ಮುಖ್ಯಸ್ಥರು ಬಂದರು. ಟೀಮ್ ಲೀಡ್ ಯಾರಾಗಬೇಕೆಂದು ತೀರ್ಮಾನಿಸುವವರು ಅವರೇ. ಭಾನುವಾರ ಎಲ್ಲರೂ ಸಂಸಾರ ಸಮೇತ ಏರ್‌ಸಾಫ್ಟ್ ಆಡೋಣ ಎಂದು ಅವರು ಹೇಳಿದರು. ನಿಜದ ಬಂದೂಕಿನ ತದ್ರೂಪು, ಒಳಗೆ ಬಟಾಣಿ ಗಾತ್ರದ ಪ್ಲಾಸ್ಟಿಕ್ ಗುಂಡು. ಎರಡು ಪಾಳಯ ಮಾಡಿಕೊಂಡು ಅವಿತು ಹೊಡೆಯುವ ಆಟ.

ಹಿಂದಿನ ದಿನ ಗಂಡಹೆಂಡತಿ ಆಟದ ಸಾಮಾನು ಆರಿಸಲು ನ್ಗಾರಾ ಪೇಟೆಗೆ ಹೋದರು. ಆಟ ನಡೆಸುವ ಡೆಂಜಿಲ್, ವಾರವಿಡೀ ಕಾಲೇಜಿನಲ್ಲಿ ಪಾಠ ಹೇಳುವ, ನೈರೋಬಿಯಲ್ಲೇ ಹುಟ್ಟಿ ಬೆಳೆದ ಮಂಗಳೂರು ಮೂಲದವನು. ಬಟ್ಟೆ ಅಂಗಡಿಯೊಂದರ ಹಿಂದಿನ ಗೋದಾಮಿನಲ್ಲಿ ಅವನ ಬಂದೂಕುಗಳು ಬೀಗದೊಳಗಿದ್ದವು. ಪೊಲೀಸರು ಅಸಲಿ ಎಂದುಕೊಂಡಾರೆಂದು ಯಾರಿಗೂ ಮನೆಗೆ ಒಯ್ಯಗೊಡುತ್ತಿರಲಿಲ್ಲ.

ಚೇತನ್ ನೇರ ಗೋಡೆಯ ಹತ್ತಿರ ಹೋಗಿ, ಎಲ್ಲಕ್ಕಿಂತ ಉದ್ದದ್ದಕ್ಕೆ, ದುರ್ಬೀನು ಹಚ್ಚಿದ್ದಕ್ಕೆ ಕೈ ಹಾಕಿದ. “ಇದೇ ಬೇಕು ಡೆಂಜಿಲ್. ಲುಕ್ ನೋಡಿ!”

“ಫಸ್ಟ್ ಟೈಮ್ ಅಲ್ವಾ? ಹಾಗಾದ್ರೆ ಬಂದೂಕಿನ ಕಡೆ ನೋಡ್ಲೇಬೇಡಿ ಮಾರಾಯ್ರೆ. ಮೊದ್ಲು ಕಣ್ಣು, ಆಮೇಲೆ ಹಲ್ಲು, ಆಮೇಲೆ ಕಾಲು. ಬಂದೂಕು ಕಡೆಗೆ.”

“ಕಣ್ಣಿಗೆ ನನ್ ಕೂಲಿಂಗ್ ಗ್ಲಾಸ್ ಇದೆಯಲ್ಲ?”

“ಉಂಟು. ಮೊಂಬಾಸಾ ಬೀಚಿಗೆ ಲಾಯ್ಕಾಗ್ತದೆ.”

ಪ್ರಣತಿ ನಕ್ಕಳು. ಡೆಂಜಿಲ್ ಇಡೀ ಮುಖ ಮುಚ್ಚುವ ಮುಖವಾಡವನ್ನು ಅವಳಿಗೆ ಹಾಕಿಸಿ, ಜಾರುತ್ತದೋ ನೋಡಲು ತಲೆ ಕೊಡವಿಸಿದ. ಹಿಮ್ಮಡಿ ಜಾರದ ಬೂಟು ಹುಡುಕಿಕೊಟ್ಟ. ಕೊನೆಗೆ ಬ್ಯಾಟರಿಯಲ್ಲಿ ನಡೆಯುವ ಒಂದು ಗಿಡ್ಡ ಬಂದೂಕನ್ನು ಅವಳ ಭುಜಕ್ಕೆ ಒತ್ತಿ ಹಿಡಿಸಿದ. “ಕೆನ್ನೆ ತಾನಾಗಿ ಬಂದು ಕೂತ್ಕೊಳ್ಬೇಕು. ಹಾಂ, ಇದು ನಿಮ್ಮದು.” ಚೇತನನ ಕಡೆ ತಿರುಗಿ, “ನಿಮ್ಮದು ಅರ್ಧ ಗಂಟೆಯಲ್ಲಿ ಮಗುವಿನ ಹಾಗೆ ಸೊಂಟಕ್ಕೆ ಏರ್ತದೆ, ನೋಡಿ ಬೇಕಾದ್ರೆ” ಎಂದ. ಚೇತನ್ ಕೇಳಲಿಲ್ಲ. ಸಾರ್ ನೋಡಬೇಡವೇ?

“ಇನ್ನೊಂದುಂಟು,” ಎಂದ ಡೆಂಜಿಲ್. “ಈ ಗುಂಡಿನಲ್ಲಿ ಬಣ್ಣ ಇಲ್ಲ. ಬಟ್ಟೆ ಮೇಲೆ ಗುರುತು ಬೀಳುದಿಲ್ಲ. ತಾಗಿದ್ದು ತಾಗಿದವರಿಗೇ ಗೊತ್ತು. ಅವರೇ ಕೈ ಎತ್ತಿ ‘ಹಿಟ್’ ಅಂತ ಹೊರಗೆ ಹೋಗ್ಬೇಕು. ಉಳಿದದ್ದೆಲ್ಲ ನನ್ನತ್ರ ಬಾಡಿಗೆಗೆ ಸಿಗ್ತದೆ. ಅದೊಂದು ಮಾತ್ರ ನೀವೇ ಮನೆಯಿಂದ ತರ್ಬೇಕು.”

ಪ್ರಣತಿಗೆ ಮೈ ಜುಮ್ಮೆಂದಿತು. ಇಂಥ ಆಟವೂ ಇದೆಯೇ ಈ ಲೋಕದಲ್ಲಿ! ಕಾರಿನಲ್ಲಿ ಕೂತವಳೇ ಕೇಳಿದಳು: “ತಾಗಿದ್ರೆ ಹೇಳ್ತೀಯ ತಾನೆ?”

“ಲೇ, ಆಟದಲ್ಲೂ ಯಾರಾದ್ರೂ ಸುಳ್ಳು ಹೇಳ್ತಾರಾ?” ಅಂದ ಚೇತನ್.

ಗಿಗಿರಿ ದಾಟಿದ ಮೇಲಿನ ಒಂದು ಪಾಳು ಕಾಫಿ ತೋಟದಲ್ಲಿ ಆಟ. ಚೀಟಿ ಎತ್ತಿದಾಗ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆಯಾದರು. ಒಬ್ಬೊಬ್ಬರೇ ನಗುತ್ತ, ಶಪಿಸುತ್ತ, ಕೈ ಎತ್ತಿ ಹೊರಗೆ ಹೋದರು. ದ್ವಾರಕಾನಾಥರಂತೂ ಮೊದಲ ಗುಂಡಿಗೇ “ಹಿಟ್ಟು! ಹಿಟ್ಟು!” ಎಂದು ಕೂಗಿ ಬೇಲಿಯಾಚೆ ಚಹಾ ಹಿಡಿದು ನಿಂತುಬಿಟ್ಟರು. ಕಡೆಗೆ ಉಳಿದವರು ಇವರಿಬ್ಬರೇ.

ಹಳೆಯ ಟೈರುಗಳ ರಾಶಿಯ ಹಿಂದಿನಿಂದ ಪ್ರಣತಿ ಇಣುಕಿದಳು. ಚೇತನ್ ಅವಳಿಗೆ ಬೆನ್ನು ಹಾಕಿ, ಆ ಭಾರದ ಬಂದೂಕನ್ನು ಸೊಂಟಕ್ಕೆ ಆನಿಸಿಕೊಂಡು, ಬೇರೆಲ್ಲೋ ಹುಡುಕುತ್ತಿದ್ದ. ಕೆನ್ನೆ ತಾನಾಗಿ ಬಂದು ಕೂತಿತು. ಒತ್ತಿದಳು. ಬಿಳಿಯ ಗುಂಡು ಅವನ ಬೆನ್ನಿಗೆ ಬಡಿದದ್ದನ್ನು ಕಂಡಳು, ‘ಟಪ್’ ಅಂದದ್ದನ್ನು ಕೇಳಿದಳು, ಅವನು “ಹಾ” ಎಂದು ಭುಜ ಕುಗ್ಗಿಸಿದ್ದನ್ನೂ ಕಂಡಳು. ಆಟ ಮುಗಿಯಿತೆಂದು ಬಂದೂಕು ಇಳಿಸಿದಳು.

ಅವನು ತಿರುಗಿದ. ಅವಳನ್ನು ನೋಡಿದ. ಬೇಲಿಯಾಚೆಗೊಮ್ಮೆ ನೋಡಿದ. ಆಮೇಲೆ ಹೊಡೆದ.

ತೊಡೆಗೆ ಚುರುಕ್ಕೆಂದಿತು. ಅವಳು ಕೈ ಎತ್ತಿ “ಹಿಟ್” ಎಂದಳು.

ಬೇಲಿಯಾಚೆ ಚಪ್ಪಾಳೆ. “ಹೆಂಡ್ತೀನೂ ಬಿಡ್ಲಿಲ್ಲ ನೋಡ್ರೀ!” ಎಂದು ದ್ವಾರಕಾನಾಥ್ ನಕ್ಕರು. “ಇಂಥೋರು ಬೇಕು ನಂಗೆ ಪ್ರಾಜೆಕ್ಟಿಗೆ!”

ಡೆಂಜಿಲ್ ಹತ್ತಿರ ಬಂದ. “ಮೇಡಮ್, ನಿಮ್ಮ ಗುಂಡು ಮೊದ್ಲು ತಾಗಿದ ಹಾಗೆ ಕಂಡಿತು ನನಗೆ. ಹೌದಾ?”

ಎಲ್ಲರೂ ಅವಳ ಕಡೆ ತಿರುಗಿದರು. ಚೇತನ್ ಮುಖವಾಡ ತೆಗೆದಿರಲಿಲ್ಲ. ಎಲ್ಲರೆದುರು ಗಂಡನ ಮಾನ ತೆಗೆಯಲು ಅವಳಿಗೆ ಬಾಯಿ ಬರಲಿಲ್ಲ. ಗಂಟಲು ಒಣಗಿ, ಕಿವಿ ಬಿಸಿಯಾಗಿ, ಎಷ್ಟೋ ಹೊತ್ತಿಗೆ ಮಾತು ಹೊರಟಿತು: “ಇಲ್ಲ... ತಾಗ್ಲಿಲ್ಲ.”

ಡೆಂಜಿಲ್ ಅವಳ ಕೈಯಿಂದ ಬಂದೂಕು ತೆಗೆದುಕೊಂಡ.

ದಾರಿಯುದ್ದಕ್ಕೂ ಅವಳು ಕಾದಳು. ಸಾರ್ ಇದ್ದರು, ಬಡ್ತಿಯ ವಿಷಯ, ಏನೋ ಮಾಡಿಬಿಟ್ಟ. ಈಗ ಹೇಳಿದರೆ ನಕ್ಕು ಮರೆತುಬಿಡುತ್ತೇನೆ ಎಂದು ಮನಸ್ಸನ್ನು ಸಿದ್ಧಮಾಡಿಕೊಂಡು ಕೂತಳು. ಅವನು ಅಡ್ಡ ನುಗ್ಗಿದ ಮಟಾಟು ವ್ಯಾನಿಗೆ ಹಾರ್ನ್ ಹಾಕಿದ, ಹಾಡು ಗುನುಗಿದ. ಕೊನೆಗೆ ಅವಳೇ ಕೇಳಿದಳು.

“ಚೇತೂ, ಇಲ್ಲಿ ನಾವಿಬ್ರೇ ಇರೋದು. ತಾಗ್ತು ಅಲ್ವಾ?”

“ಏನು?”

“ನನ್ ಗುಂಡು.”

“ಅಯ್ಯೋ, ತಾಗ್ಲಿಲ್ಲ ಅಂತ ಎಲ್ಲರ ಮುಂದೆ ನೀನೇ ಹೇಳಿದ್ಯಲ್ಲೇ!” ಎಂದು ಅವನು ನಕ್ಕ. ನಗುವಿನಲ್ಲಿ ಎಲ್ಲೂ ಬಿರುಕಿರಲಿಲ್ಲ. ಅವನಿಗೆ ಆಗಲೇ ಅದು ನಿಜವಾಗಿಬಿಟ್ಟಿತ್ತು.

ಮನೆಗೆ ಬಂದು ಅಂಗಿ ಕಳಚಿ, ಮಂಚದ ಮೇಲೆ ಬೋರಲು ಬಿದ್ದು, “ಬೆನ್ನಿಗೆ ಸ್ವಲ್ಪ ಮುಲಾಮು ಹಚ್ಚೇ, ಉರೀತಿದೆ” ಎಂದ. ಹೆಗಲೆಲುಬಿನ ಕೆಳಗೆ ದುಂಡನೆಯ ಕೆಂಪು ಬಾಸುಂಡೆ, ನಡುವೆ ನೀಲಿ. ಅವಳು ಹೆಬ್ಬೆರಳಿನಿಂದ ಮುಲಾಮು ತಿಕ್ಕತೊಡಗಿದಳು. ಅಷ್ಟರಲ್ಲಿ ಬೆಂಗಳೂರಿನಿಂದ ಫೋನು. ಅವನು ಸ್ಪೀಕರಿಗೆ ಹಾಕಿದ. ಬಡ್ತಿ ಗ್ಯಾರಂಟಿಯೆಂಬ ಸುದ್ದಿಯ ನಡುವೆ ಅವನು ಮುಲುಗಿದ್ದು ತಾಯಿಗೆ ಕೇಳಿಸಿತು.

“ಏನಾಯ್ತೋ?”

“ಏನಿಲ್ಲಮ್ಮ, ಬೆನ್ನಿಗೆ ಮುಳ್ಳು ತರಚಿದೆ.”

“ಬರೀ ಮುಳ್ಳೇನೇ, ಪ್ರಣತಿ?”

“ಹೌದತ್ತೆ, ಮುಳ್ಳು,” ಎಂದಳು ಪ್ರಣತಿ. ಈ ಸಲ ಗಂಟಲು ಒಣಗಲಿಲ್ಲ.