ಬದು ದಾಟಿದ ಸುತ್ತು

ಮುಂಗಾರಿನ ಎರಡನೆಯ ಮಳೆ ಹದವಾಗಿ ಬಿದ್ದಿತ್ತು. ಕೆರೂರಿನ ಆಚೆ, ಕರಿಗುಡ್ಡದ ಬುಡದ ಹೊಲದಲ್ಲಿ ನೀಲಪ್ಪ ಹೆಸರು ಬಿತ್ತುತ್ತಿದ್ದ. ಕೂರಿಗೆಯ ಹಿಂದೆ ಅವನ ಹೆಂಡತಿ ಬಾಳಮ್ಮ ಬಟ್ಟಲಿಗೆ ಕಾಳು ಬಿಡುತ್ತ ಬರುತ್ತಿದ್ದಳು. ಗುಡ್ಡದ ಕಡೆ ಬದುವಿದ್ದ ಜಾಗ ಬಂದೊಡನೆ ಎತ್ತುಗಳು ತಾವಾಗಿಯೇ ತಿರುಗಲು ನೋಡಿದವು. ನೀಲಪ್ಪ ಬಿಡಲಿಲ್ಲ. ಬದುವಿನ ಕಲ್ಲುಗಳನ್ನು ನಿನ್ನೆಯೇ ಒಂದಿಷ್ಟು ಮೇಲಕ್ಕೆ ಸರಿಸಿ, ಅಲ್ಲಿದ್ದ ಹುಲ್ಲಿನ ನೆಲವನ್ನು ರಂಟೆ ಹೊಡೆದು ಉತ್ತಿದ್ದ. ಈಗ ಅಲ್ಲಿ ಒಂದು ಸುತ್ತು ಹೆಚ್ಚಿಗೆ ಬಿತ್ತಿದ.

ಅವನ ಅಪ್ಪನೂ ಹೀಗೇ ಮಾಡುತ್ತಿದ್ದ. ವರ್ಷಕ್ಕೆ ಒಂದೇ ಕೂರಿಗೆಯಷ್ಟು ಅಗಲ, ಅಷ್ಟೇ. ಗುಡ್ಡಕ್ಕೆ ಹತ್ತಿದ ಹೊಲವಿದ್ದವರೆಲ್ಲ ಮಾಡುತ್ತಿದ್ದರು. ಅದನ್ನು ಒತ್ತುವರಿ ಎಂದು ಊರಲ್ಲಿ ಯಾರೂ ಕರೆದವರಲ್ಲ, ‘ಮೇಲಿನ ಸುತ್ತು’ ಎನ್ನುತ್ತಿದ್ದರು.

ಅಷ್ಟರಲ್ಲಿ ಮಲೀಕಸಾಬನ ಆಡುಗಳು ಗುಡ್ಡದಿಂದ ಇಳಿದು ಬಂದವು. ಸುಗ್ಗಿ ಮುಗಿದ ಮೇಲೆ ಹದಿನೈದು ದಿನ ಆ ಹಿಂಡನ್ನು ನೀಲಪ್ಪನ ಹೊಲದಲ್ಲೇ ತರುಬುವುದು ಇಬ್ಬರ ಅಪ್ಪಂದಿರ ಕಾಲದ ರೂಢಿ. ಹೊಲಕ್ಕೆ ಹಿಕ್ಕೆ ಗೊಬ್ಬರ, ಮಲೀಕಸಾಬನ ಮನೆಗೆ ಜೋಳ. ಎಂದೂ ಮಾತಾಡಿಸದೆ ಹೋಗದವನು ಇಂದು ಕೋಲನ್ನು ಹೆಗಲಿಗೇರಿಸಿಕೊಂಡು ಮುಖ ಆಚೆ ಮಾಡಿ ಹೋದ. ಬಾಳಮ್ಮ ಗಂಡನ ಮುಖ ನೋಡಿದಳು. ನೀಲಪ್ಪ ಎತ್ತುಗಳನ್ನು ಗದರಿಸಿದ.

ಕಾರಣ ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಐದು ವರ್ಷದ ಹಿಂದೆ ಹಳ್ಳಕ್ಕೆ ಕಟ್ಟಿದ ಒಡ್ಡು ಮಣ್ಣು ತುಂಬಿ ಬಯಲಾಗಿತ್ತು. ಊರ ಕೊಳವೆಬಾವಿ ಬೇಸಿಗೆಗೆ ಮೊದಲೇ ಬರಿ ಗಾಳಿ ಉಗುಳುತ್ತಿತ್ತು. ಗುಡ್ಡದ ಮಣ್ಣು ಹರಿದು ಬರುವುದಕ್ಕೆ ಆಡುಗಳೇ ಕಾರಣ ಎಂದು ಕಟ್ಟೆಯ ಮೇಲೆ ತೀರ್ಮಾನವಾಗಿತ್ತು. ಜಲಾನಯನ ಸಮಿತಿಗೆ ನೀಲಪ್ಪನೇ ಅಧ್ಯಕ್ಷ. ನಾಳಿನ ಸಭೆಯ ಠರಾವನ್ನು ತನ್ನ ಕೈಯಿಂದಲೇ ಬರೆದಿಟ್ಟಿದ್ದ: ಇನ್ನು ಮೇಲೆ ಗುಡ್ಡಕ್ಕೆ ಆಡು ಬಿಡಕೂಡದು. ಅದು ಪಾಸಾದರೆ ಮಲೀಕಸಾಬ ಹಿಂಡನ್ನು ಮಾರಿ, ಹೆಂಡತಿ ಮಾಸುಮಬಿಯನ್ನು ಕರೆದುಕೊಂಡು ಇಳಕಲ್ಲಿನ ಕಲ್ಲಿನ ಗಣಿಗೆ ಕೂಲಿಗೆ ಹೋಗಬೇಕು. ಅವನಿಗೆ ಅಂಗೈಯಗಲ ಹೊಲವಿರಲಿಲ್ಲ.

ಮಧ್ಯಾಹ್ನ ಬಾಗಲಕೋಟೆಯಿಂದ ಅನುರಾಧಾ ಬಂದಳು. ಉಪಗ್ರಹ ತೆಗೆದ ಚಿತ್ರಗಳನ್ನು ಇಪ್ಪತ್ತು ವರ್ಷದ ಉದ್ದಕ್ಕೂ ಜೋಡಿಸಿ, ಎಲ್ಲಿ ಹುಲ್ಲಿತ್ತು, ಎಲ್ಲಿ ಹೊಲವಾಯಿತು ಎಂದು ನಕ್ಷೆ ಮಾಡುವ ಹುಡುಗಿ. ಚಿತ್ರ ಹೇಳಿದ್ದು ನೆಲದ ಮೇಲೂ ಖರೆಯೇ ಎಂದು ನೋಡಲು ಬಂದಿದ್ದಳು. ಕೈಯಲ್ಲಿನ ಯಂತ್ರ ನೋಡಿಕೊಳ್ಳುತ್ತ ನಡೆದವಳು ನೀಲಪ್ಪನ ಹೊಲದ ನಟ್ಟನಡುವೆ, ಹಸಿ ಸಾಲಿನಲ್ಲಿ ನಿಂತಳು.

“ಕಾಕಾ, ಇಪ್ಪತ್ತು ವರ್ಷದ ಹಿಂದ ಇಲ್ಲಿ ಹುಲ್ಲಿತ್ತೇನ್ರಿ?”

“ನಿಮ್ಮ ಯಂತ್ರ ತಪ್ಪಿರಬೇಕವ್ವಾ. ಇದು ನಮ್ಮ ಮುತ್ಯಾನ ಹೊಲ.”

ಅವಳು ವಾದಕ್ಕಿಳಿಯಲಿಲ್ಲ. ಏನೋ ಬರೆದುಕೊಂಡು, ಎಲ್ಲಾ ಚಿತ್ರ ನಾಳೆ ಸಭೆಯಲ್ಲಿ ಶಾಲೆಯ ಗೋಡೆಯ ಮೇಲೆ ತೋರಿಸುತ್ತೇನೆ ಎಂದು ಹೇಳಿ ಹೋದಳು. ಬಾಳಮ್ಮ ಬಟ್ಟಲು ಕೆಳಗಿಟ್ಟಳು. ನೀನು ಅಪ್ಪನ ಹಿಂದೆ ಬುತ್ತಿ ಹೊತ್ತು ಬರುವಾಗ ಬದು ಎಲ್ಲಿತ್ತು ಎಂದು ಕೇಳಿದಳು. ನೀಲಪ್ಪ ನೆನಪಿಲ್ಲ ಎಂದ. ಅವನಿಗೆ ನೆನಪಿತ್ತು.

ಮರುದಿನ ಶಾಲೆಯ ಕೋಣೆ ಜನರಿಂದ ತುಂಬಿತ್ತು. ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿದ್ದರು. ಬಾಗಿಲ ಬಳಿ ಮಲೀಕಸಾಬ ಕುಕ್ಕರುಗಾಲಲ್ಲಿ ಕೂತಿದ್ದ. ನೀಲಪ್ಪನ ಎದೆಯ ಕಿಸೆಯಲ್ಲಿ ಮಡಚಿಟ್ಟ ಠರಾವಿನ ಹಾಳೆ ಬೆವರಿಗೆ ಹಸಿಯಾಗಿತ್ತು.

ಅನುರಾಧಾ ಚಿತ್ರಗಳನ್ನು ಒಂದರ ಹಿಂದೆ ಒಂದು ಬಿಟ್ಟಳು. ಎಲ್ಲವೂ ಮಳೆಗಾಲ ಮುಗಿದ ಮೇಲಿನವು, ಹೆಸರು ಕಿತ್ತು ಹೊಲಗಳು ಬರಿದಾದ ದಸರೆಯ ಆಸುಪಾಸಿನವು. ಗುಡ್ಡದ ಬುಡವನ್ನು ಬಳೆಯ ಹಾಗೆ ಹಸಿರು ಪಟ್ಟಿಯೊಂದು ಸುತ್ತುವರಿದಿತ್ತು. ವರ್ಷ ಹೋದಂತೆ ಆ ಬಳೆ ಸಣ್ಣದಾಯಿತು. ಮೇಲಿನಿಂದಲ್ಲ, ಕೆಳಗಿನಿಂದ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಕಡೆಯದನ್ನೂ ಮೊದಲನೆಯದನ್ನೂ ಪಕ್ಕಪಕ್ಕದಲ್ಲಿಟ್ಟಾಗ ಹಿಂದೆ ಕೂತವರು ಎದ್ದು ನಿಂತು ನೋಡಿದರು. ಮಳೆಯ ನೀರು ಹಿಡಿಯುತ್ತಿದ್ದದ್ದು ಆ ಹುಲ್ಲಿನ ಪಟ್ಟಿಯೇ, ಅದು ಹೋದಂತೆ ಮಣ್ಣು ಸೀದಾ ಹಳ್ಳಕ್ಕಿಳಿದಿದೆ ಎಂದು ಅವಳು ನಿಧಾನವಾಗಿ ಹೇಳಿದಳು.

ಪಂಚಾಯಿತಿ ಸದಸ್ಯ ವಿಜಯಮಹಾಂತೇಶ ಮೊದಲು ಬಾಯಿ ಬಿಟ್ಟ. ಅವನ ಹೊಲವೂ ಗುಡ್ಡಕ್ಕೇ ಹತ್ತಿಕೊಂಡಿತ್ತು. ಆಡು ಚಿಗುರನ್ನು ಬುಡಸಹಿತ ಮೇಯುತ್ತದೆ, ಕವಳಿ ಗಿಡಗಳೆಲ್ಲ ಬೋಳಾಗಿವೆ, ಹುಲ್ಲು ಹೋಗಿದ್ದು ಅದಕ್ಕೇ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಲವರು ಹೌದೆಂದು ತಲೆಯಾಡಿಸಿ ನಿರಾಳವಾದರು.

ಮಲೀಕಸಾಬ ಕೂತಲ್ಲಿಂದಲೇ ಹೇಳಿದ:

“ನನ್ನ ಆಡು ತಿಂದದ್ದು ಖರೆ ಐತ್ರಿ. ಆದ್ರ ಅವುಕ್ಕ ನಾ ರಂಟಿ ಹೂಡಿಲ್ಲ.”

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಅನುರಾಧಾ ಗುಡ್ಡದ ನೆತ್ತಿಯನ್ನು ತೋರಿಸಿದಳು. ಆಡುಗಳು ಹೆಚ್ಚಾಗಿ ಮೇಯುವ ಆ ಜಾಗದ ಹಸಿರು ಇಪ್ಪತ್ತು ವರ್ಷದ ಹಿಂದೆ ಎಷ್ಟು ತೆಳುವಾಗಿತ್ತೋ ಈಗಲೂ ಅಷ್ಟೇ ಇತ್ತು. “ಏನ್ ಬದಲಾಗೇತಿ ಅಂತ ಚಿತ್ರ ಹೇಳ್ತದ್ರಿ,” ಎಂದಳು. “ಯಾರು ಮಾಡ್ಯಾರ ಅಂತ ಹೇಳೂದಿಲ್ಲ. ಅದರ ಮ್ಯಾಲ ಯಾರ ಹೆಸರೂ ಬರದಿಲ್ಲ.”

ಆ ಮಾತು ಹಲವರಿಗೆ ಆಸರೆಯಾಯಿತು. ಹೆಸರಿಲ್ಲ ಅಂದ ಮೇಲೆ ತಕರಾರೇನು, ಠರಾವು ಓದಿಬಿಡು ಎಂದು ವಿಜಯಮಹಾಂತೇಶ ಅಧ್ಯಕ್ಷನ ಕಡೆ ತಿರುಗಿದ. ನೀಲಪ್ಪ ಕಿಸೆಯಿಂದ ಹಾಳೆ ತೆಗೆದ. ಕೈಯೆತ್ತಲು ಎಲ್ಲರೂ ಸಿದ್ಧರಿದ್ದರು. ಮೂರು ಸಾಲು ಓದಿದರೆ ಮುಗಿಯಿತು, ಹೊಲ ಹೊಲದಂತೆ ಇರುತ್ತಿತ್ತು, ಹೆಸರು ಹೆಸರಿನಂತೆ. ಬಾಗಿಲಲ್ಲಿ ಮಲೀಕಸಾಬ ಎದ್ದು ಟಾವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. ಆ ಕಡೆ ಹೆಂಗಸರ ಸಾಲಿನಿಂದ ಬಾಳಮ್ಮ ಗಂಡನನ್ನೇ ನೋಡುತ್ತಿದ್ದಳು.

“ತಂಗೀ, ಮೊದಲನೇದು ಇನ್ನೊಮ್ಮಿ ಹಾಕು,” ಎಂದ ನೀಲಪ್ಪ.

ಅವನು ಗೋಡೆಯ ಹತ್ತಿರ ಹೋದ. ಬೆಳಕಿಗೆ ಅಡ್ಡ ಬಂದು ಅವನ ನೆರಳು ಅರ್ಧ ಗುಡ್ಡವನ್ನು ಮುಚ್ಚಿತು. ಒಂದು ಹೆಜ್ಜೆ ಸರಿದು ನಿಂತು, ಹಸಿರಿನ ಒಂದು ತುಣುಕಿನ ಮೇಲೆ ಬೆರಳಿಟ್ಟ.

“ಇದು ನಂದು. ಅಂದ್ರ ನಂದಲ್ಲ. ನಾ ಉತ್ತದ್ದು. ನಿನ್ನಿ ಮುಂಜಾನಿ ಸೈತ ಒಂದು ಸುತ್ತು ಹೊಡದೇನಿ.”

“ಏ ನೀಲಪ್ಪ, ತಲಿ ಕೆಟ್ಟೈತೇನಲೇ ನಿಂಗ?” ವಿಜಯಮಹಾಂತೇಶನ ದನಿ ಗೋಡೆಗೆ ಬಡಿಯಿತು. ನೀನು ಬೆರಳಿಟ್ಟರೆ ನಾಳೆ ಸರ್ವೆಯವರು ಎಲ್ಲರ ಹೊಲಕ್ಕೂ ಸರಪಳಿ ಹಿಡಿದು ಬರುತ್ತಾರೆ, ಊರಿನ ಅನ್ನಕ್ಕೆ ಮಣ್ಣು ಹಾಕುತ್ತೀ ಎಂದು ಕೂಗಾಡಿದ. ನೀಲಪ್ಪ ಗೋಡೆಯಿಂದ ಈಚೆ ಬಂದ. ಹಾಳೆಯನ್ನು ಮತ್ತೆ ಮಡಚಿ ಕಿಸೆಗಿಟ್ಟುಕೊಂಡ. ಕೈ ಯಾರೂ ಎತ್ತಲಿಲ್ಲ, ತೀರ್ಮಾನ ಯಾವುದೂ ಆಗಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡದೆ ಎದ್ದುಹೋದರು.

ಮರುದಿನ ಬಿಸಿಲೇರುವ ಮೊದಲೇ ನೀಲಪ್ಪ ಹಾರೆ ಹಿಡಿದು ಹೊಲದ ಮೇಲ್ತುದಿಯಲ್ಲಿ ನಿಂತಿದ್ದ. ಬದುವಿನ ಕಲ್ಲುಗಳನ್ನು ಕಿತ್ತು ರಾಶಿ ಹಾಕಿದ್ದ. ಕೆಳಗೆ ಎಲ್ಲಿ ನೆಡಬೇಕು ಎಂಬುದೇ ತಿಳಿಯದೆ ಅತ್ತ ಇತ್ತ ನಡೆದ. ಎಲ್ಲಿತ್ತು ಎಂದು ಗೊತ್ತಿದೆ ಎಂದುಕೊಂಡಿದ್ದ, ಆದರೆ ವರ್ಷ ವರ್ಷ ಸರಿಸಿದ ಕಲ್ಲುಗಳು ಹಳೆಯ ಗುರುತನ್ನೂ ತಿಂದುಹಾಕಿದ್ದವು.

ಹಿಂಡು ಬಂದಾಗ ಅವನೇ ಕರೆದ. ಆಗಿನ ಬದುವಿನ ಬಗಲಿಗೆ ನಿಮ್ಮಪ್ಪನ ಆಡುಗಳ ಕಾಲುದಾರಿ ಇತ್ತಲ್ಲ, ಅದು ಎಲ್ಲಿ ಬರುತ್ತಿತ್ತು ಎಂದು ಕೇಳಿದ. ಮಲೀಕಸಾಬ ಹೆಗಲ ಮೇಲಿನ ಕೋಲನ್ನು ಕೆಳಗಿಳಿಸಿದ. ಆಮೇಲೆ ಬಿತ್ತಿದ ಹೊಲದೊಳಗೆ ಕಾಲಿಟ್ಟು, ಕೆಳಗಿನ ಬಂಡೆಯೊಂದನ್ನು ಗುರಿ ಹಿಡಿದು ನಡೆಯತೊಡಗಿದ. ಆಡುಗಳು ಅವನ ಹಿಂದೆ ಸಾಲುಗಟ್ಟಿದವು. ಅವುಗಳ ಗೊರಸು ಮೂಡಿದಲ್ಲೆಲ್ಲ ನೀಲಪ್ಪ ಒಂದೊಂದು ಕಲ್ಲು ಇಡುತ್ತ ಹೋದ. ಬಾಳಮ್ಮ ಬುಟ್ಟಿಯಲ್ಲಿ ಕಲ್ಲು ತಂದು ಸುರಿಯುತ್ತಿದ್ದಳು.

“ಮ್ಯಾಲ ಬಿತ್ತಿದ್ದ ಹೆಸರು?” ಎಂದು ಕೇಳಿದಳು.

“ಎದ್ದ ಮ್ಯಾಲ ಆಡು ತಿನ್ಲಿ ಬಿಡು. ಅದರ ಹಿಂದ ಹುಲ್ಲು ಬರ್ತೈತಿ.”

ಮಲೀಕಸಾಬ ಮುಂದಿನಿಂದಲೇ, ತಿರುಗದೆ ಹೇಳಿದ: “ಬದು ಸೊಟ್ಟ ಆದ್ರ ನನ್ನ ಬೈಬ್ಯಾಡಪಾ. ಈ ಕರಿ ಆಡು ಎಂದೂ ನೆಟ್ಟಗ ನಡದಿದ್ದಲ್ಲ.”

ನೀಲಪ್ಪ ಬಗ್ಗಿ ಇನ್ನೊಂದು ಕಲ್ಲು ಎತ್ತಿದ. ಎರಡು ಹೊಲದಾಚೆ ಯಾರದೋ ಹಾರೆ ಬದುವಿನ ಕಲ್ಲಿಗೆ ಬಡಿದ ಸದ್ದು ಕೇಳಿತು. ಯಾರೆಂದು ನೋಡಲು ಅವನು ತಲೆಯೆತ್ತಲಿಲ್ಲ. ಕಲ್ಲನ್ನು ಗೊರಸಿನ ಗುರುತಿನ ಮೇಲಿಟ್ಟು, ಹಿಮ್ಮಡಿಯಿಂದ ಗಟ್ಟಿಯಾಗಿ ಒತ್ತಿದ.