ಪಿಟೀಲಿನ ಹನ್ನೆರಡು ಅಂಕ

ಅಕ್ಕನ ಮಗಳಿಗೆ ಪರೀಕ್ಷೆಯಲ್ಲಿ ಶೇಕಡಾ ತೊಂಬತ್ಮೂರು ಬಂದ ದಿನ ಅವರ ಮನೆಗೆ ಸಾವಿನ ಕಳೆ ಬಂದಿತ್ತು. ಅಕ್ಕ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು. ಯಾರದೋ ಕೋಟಿನ ತೋಳು ಸೂಜಿಯ ಕೆಳಗೆ ಅರ್ಧಕ್ಕೆ ನಿಂತಿತ್ತು. ಭಾವ ಫೋನಿನಲ್ಲಿ ಯಾರಿಗೋ ತಗ್ಗಿದ ದನಿಯಲ್ಲಿ, ಹೌದು, ಬೆಳಿಗ್ಗೆನೇ ಬಂತು, ಏನು ಮಾಡೋಕಾಗುತ್ತೆ ಅನ್ನುತ್ತಿದ್ದರು. ಗೊತ್ತಿಲ್ಲದವರು ಕೇಳಿಸಿಕೊಂಡಿದ್ದರೆ ಎರಡು ಸಾಂತ್ವನದ ಮಾತಾಡಿ ಹೋಗುತ್ತಿದ್ದರು.

ವಿಷಯ ಇಷ್ಟೇ. ಹುಡುಗಿಗೆ ಪಶುವೈದ್ಯೆ ಆಗಬೇಕು. ಆ ಓದಿಗೆ ಹೆಸರಾದ ವಿಶ್ವವಿದ್ಯಾಲಯದಲ್ಲಿ ಕಳೆದ ವರ್ಷ ಕೊನೆಯ ಸೀಟು ಹೋದದ್ದು ತೊಂಬತ್ನಾಲ್ಕಕ್ಕೆ. ಆರು ವಿಷಯ, ಆರುನೂರು ಅಂಕ. ಇವಳಿಗೆ ಬಂದದ್ದು ಐನೂರ ಐವತ್ತೆಂಟು. ಲೆಕ್ಕ ಹಾಕಿದರೆ ಆರು ಅಂಕ ಕಡಿಮೆ. ಐನೂರ ಐವತ್ತೆಂಟು ಹೇಗೆ ಬಂತು ಅಂತ ಯಾರೂ ಕೇಳಲಿಲ್ಲ. ಆ ಆರು ಎಲ್ಲಿ ಹೋಯಿತು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಾಗಬೇಕಿತ್ತು.

ಹುಡುಗಿಯನ್ನು ನಾವು ಪಿಟೀಲು ಅಂತ ಕರೆಯುತ್ತೇವೆ. ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ರಾಗ ಎಳೆದು ಅಳುತ್ತಿದ್ದಳು, ಅದಕ್ಕೆ. ದೊಡ್ಡವಳಾದ ಮೇಲೆ ಮಾತೇ ಕಡಿಮೆ. ಶನಿವಾರ ಬಂತೆಂದರೆ ಎರಡು ಬೀದಿ ಆಚೆಯ ಪ್ರಾಣಿಗಳ ದವಾಖಾನೆಗೆ ಹೋಗಿ, ಪಂಜರ ತೊಳೆದು, ಮುದಿ ನಾಯಿಗಳ ಕಿವಿಗೆ ಔಷಧಿ ಬಿಟ್ಟು, ಕೈತುಂಬ ಬೆಕ್ಕು ಪರಚಿದ ಗೀರು ಮಾಡಿಕೊಂಡು ಬರುತ್ತಿದ್ದಳು. ವಾರದಲ್ಲಿ ಅವಳು ನಗುನಗುತ್ತಾ ಮನೆಗೆ ಬರುತ್ತಿದ್ದದ್ದು ಅದೊಂದೇ ದಿನ.

ನಾನು ಅವಳ ಚಿಕ್ಕಮ್ಮ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬಳೇ ಇದ್ದೇನೆ. ಹಲ್ಲಿನ ಆಸ್ಪತ್ರೆಯೊಂದರಲ್ಲಿ ಬಾಗಿಲ ಪಕ್ಕದ ಮೇಜಿಗೆ ಕೂತು, ಬಂದವರಿಗೆಲ್ಲ ಏನೂ ನೋವಾಗಲ್ಲ ಅನ್ನುವುದು ನನ್ನ ಉದ್ಯೋಗ. ಸುಳ್ಳು ಹೇಳಿ ಅಭ್ಯಾಸವಿದೆ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೊದಲು ಒಬ್ಬ ಮಾರ್ಗದರ್ಶಕನ ಹತ್ತಿರ ಹೋದೆವು. ಚಪ್ಪಲಿ ಅಂಗಡಿಯ ಮೇಲೊಂದು ಕೋಣೆ, ಗೋಡೆ ತುಂಬ ಸೀಟು ಸಿಕ್ಕ ಮಕ್ಕಳ ನಗುಮುಖ. ಆತ ಅಂಕಪಟ್ಟಿಯನ್ನು ಎಕ್ಸ್-ರೇ ಥರ ಬೆಳಕಿಗೆ ಹಿಡಿದು ಲೊಚಗುಟ್ಟಿದ. ತೊಂಬತ್ಮೂರು ತುಂಬ ಅಪಾಯದ ಸಂಖ್ಯೆಯಂತೆ. ಎಂಬತ್ತು ಬಂದವರು ಆಸೆ ಬಿಟ್ಟು ಆರಾಮಾಗಿ ಊಟ ಮಾಡುತ್ತಾರೆ, ಇವರಿಗೆ ಅದೂ ಇಲ್ಲವಂತೆ. ಅರ್ಜಿಯ ಜೊತೆ ತನ್ನ ಬಗ್ಗೆ ಒಂದು ಪುಟ ಬರೆಯಬೇಕು, ಅದರಲ್ಲಿ ಒಳ್ಳೆಯ ಕಷ್ಟವೊಂದು ಇದ್ದರೆ ಅಂಕದ ಕೊರತೆ ಮುಚ್ಚಿಹೋಗುತ್ತದೆ ಅಂತ ವಿವರಿಸಿ, ಮನೆಯಲ್ಲಿ ಅಂಥದ್ದೇನಾದರೂ ಇದೆಯೇ ಅಂತ ಭಾವನನ್ನು ಕೇಳಿದ.

ಭಾವ ಲಿಫ್ಟ್ ರಿಪೇರಿ ಮಾಡುವವರು. ಮಗಳಿಗೆ ಕಷ್ಟ ಅಂದರೇನು ಅಂತ ಗೊತ್ತಾಗಬಾರದು ಅಂತ ಇಪ್ಪತ್ತು ವರ್ಷ ಎಣ್ಣೆ ಜಿಡ್ಡಿನ ಕತ್ತಲೆಯಲ್ಲಿ ಹಗ್ಗಕ್ಕೆ ನೇತಾಡಿದವರು. ಅವರು ಕ್ಷಮೆ ಕೇಳುವವರ ಹಾಗೆ, ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಅಂದರು. ಅಜ್ಜ ಅಜ್ಜಿ ಯಾರಾದರೂ ಹಾಸಿಗೆ ಹಿಡಿದಿದ್ದಾರಾ ಅಂತ ಆತ ಇನ್ನೊಂದು ಅವಕಾಶ ಕೊಟ್ಟ. ದುರದೃಷ್ಟಕ್ಕೆ ಎಲ್ಲರೂ ಗಟ್ಟಿಮುಟ್ಟಾಗಿದ್ದರು. ಮಗುವಿನ ಭವಿಷ್ಯಕ್ಕೆ ಒಂದು ಕಾಯಿಲೆಯನ್ನೂ ಒದಗಿಸಲಾಗದವರು ನಾವು, ತಲೆ ತಗ್ಗಿಸಿ ಮೆಟ್ಟಿಲಿಳಿದೆವು.

ಆಮೇಲೆ ರಂಗಕ್ಕಿಳಿದವರು ಪಿಟೀಲಿನ ದೊಡ್ಡಪ್ಪ, ಭಾವನ ಅಣ್ಣ. ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಜನರ ಅರ್ಜಿಗಳಲ್ಲಿ ತಪ್ಪು ಹುಡುಕಿ ವಾಪಸ್ ಕಳಿಸಿ ನಿವೃತ್ತರಾದವರು. ಈಗ ವಾಪಸ್ ಕಳಿಸಲು ಯಾರೂ ಸಿಗದೆ ತಾವೇ ಅರ್ಜಿ ಬರೆಯುತ್ತಾರೆ. ಬೀದಿ ದೀಪಕ್ಕೊಂದು, ಚರಂಡಿಗೊಂದು, ಪಕ್ಕದ ಮನೆಯವರ ರೇಡಿಯೋಗೊಂದು. ಆರು ಅಂಕ ಕೂಡಿಸುವವರ ಕೈಯಿಂದ ಸೋರಿಹೋಗಿದೆ, ಮರು ಎಣಿಕೆಗೆ ಹಾಕೋಣ ಅಂತ ಅವರು ತೀರ್ಪು ಕೊಟ್ಟರು. ಅಕ್ಕನ ಮುಖದಲ್ಲಿ ಆ ವಾರ ಮೊದಲ ಸಲ ಜೀವ ಬಂತು.

ಅವತ್ತೇ ಸಂಜೆ ಪಿಟೀಲು ಮೇಲೆ ನನ್ನ ಮನೆಗೆ ಬಂದಳು. ಬಾಗಿಲು ಹಾಕಿ, ಅದಕ್ಕೇ ಒರಗಿ ನಿಂತಳು.

"ಚಿಕ್ಕಮ್ಮ, ಕೆಮಿಸ್ಟ್ರೀಲಿ ನಂಗೆ ತೊಂಬತ್ನಾಲ್ಕು ಬರೋಕೆ ಸಾಧ್ಯಾನೇ ಇಲ್ಲ."

"ಯಾಕೆ?"

"ಕೊನೇ ಪ್ರಶ್ನೆ ಬರೀಲೇ ಇಲ್ಲ, ಟೈಮ್ ಆಗೋಯ್ತು. ಹನ್ನೆರಡು ಅಂಕದ್ದು. ಮಿಕ್ಕಿದ್ದೆಲ್ಲ ಸರಿ ಇದ್ರೂ ಎಂಬತ್ತೆಂಟೇ."

ನಾನು ಬೆರಳು ಮಡಚಿ ಎಣಿಸಿದೆ. ಅಂಕ ಸೋರಿಹೋಗಿದ್ದು ನಿಜ, ಆದರೆ ಸೋರಿದ್ದು ನಮ್ಮ ಕಡೆಗೆ. ಮರು ಎಣಿಕೆ ಅಂದರೆ ನಾವಾಗಿಯೇ ಹೋಗಿ ವಾಪಸ್ ಕೊಟ್ಟು ಬಂದ ಹಾಗೆ. ಹಿರಿಯಳಾಗಿ, ತಾಯಿಯ ಸ್ಥಾನದಲ್ಲಿ ನಿಂತು, ಬಾಯಿ ಮುಚ್ಚಿಕೊಂಡಿರು ಅಂತ ಬುದ್ಧಿ ಹೇಳಿದೆ. ದೊಡ್ಡಪ್ಪನನ್ನು ನಾನು ನೋಡಿಕೊಳ್ಳುತ್ತೇನೆ ಅಂತಲೂ ಅಂದೆ.

ನೋಡಿಕೊಂಡದ್ದು ಹೀಗೆ. ಭಾನುವಾರ ಅವರು ಆರು ವಿಷಯಕ್ಕೆ ಆರು ಅರ್ಜಿ ತುಂಬಿಸಿ ತಂದರು. ಮಾಡುವುದಾದರೆ ಪೂರ್ತಿಯಾಗಿ ಮಾಡಬೇಕಂತೆ. ಇದೆಲ್ಲ ಯಾಕೆ, ಎಣಿಸುವವರಿಗೆ ಕೋಪ ಬಂದರೆ ಅಂತ ಶುರು ಮಾಡಿದೆ. ಅವರು ಕನ್ನಡಕ ತೆಗೆದು, "ಹಲ್ಲಿನ ವಿಷಯ ಬಂದಾಗ ನಿನ್ನನ್ನೇ ಕೇಳ್ತೀನಮ್ಮ" ಅಂದರು. ಅಲ್ಲಿಗೆ ನನ್ನ ಹೋರಾಟ ಮುಗಿಯಿತು. ಪಿಟೀಲು ನನ್ನನ್ನೊಮ್ಮೆ ನೋಡಿ, ಪೆನ್ನು ತಗೊಂಡು, ಆರಕ್ಕೂ ಸಹಿ ಹಾಕಿದಳು. ಕೆಮಿಸ್ಟ್ರಿಯದಕ್ಕೂ.

ಆಮೇಲೆ ಅವಳನ್ನು ಮೆಟ್ಟಿಲ ಹತ್ತಿರ ಹಿಡಿದು ಗದರಿಸಿದೆ. ನಾನು ಬೇಡ ಅಂದಿದ್ದರೆ ಯಾಕೆ ಅಂತಲೂ ಹೇಳಬೇಕಾಗುತ್ತಿತ್ತಲ್ಲ ಅಂದಳು. ಅಷ್ಟು ಹೇಳಿ ಕೆಳಗೆ ಹೋದವಳು ಅವತ್ತು ಎರಡು ಸಲ ಬಡಿಸಿಕೊಂಡು ಊಟ ಮಾಡಿದಳಂತೆ. ನನಗೆ ಮಾತ್ರ ಅನ್ನ ಇಳಿಯಲಿಲ್ಲ.

ಮೂರು ವಾರಕ್ಕೆ ಉತ್ತರ ಬಂತು. ದೊಡ್ಡಪ್ಪನೇ ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದಿದರು. ಐದು ವಿಷಯದಲ್ಲಿ ಬದಲಾವಣೆ ಇಲ್ಲ. ಕೆಮಿಸ್ಟ್ರಿಯಲ್ಲಿ ಒಂದು ಪುಟದ ಮೊತ್ತವನ್ನು ಎರಡು ಸಲ ಕೂಡಿಸಲಾಗಿತ್ತು, ಸರಿಪಡಿಸಲಾಗಿದೆ: ಎಂಬತ್ತೆರಡು. ಒಟ್ಟು ಐನೂರ ನಲವತ್ತಾರು, ಶೇಕಡಾ ತೊಂಬತ್ತೊಂದು. ತಪ್ಪನ್ನು ಗಮನಕ್ಕೆ ತಂದದ್ದಕ್ಕೆ ಪರೀಕ್ಷಾ ಮಂಡಳಿ ಧನ್ಯವಾದವನ್ನೂ ತಿಳಿಸಿತ್ತು. ದೊಡ್ಡಪ್ಪ ಓದುವ ಭರದಲ್ಲಿ ಧನ್ಯವಾದದವರೆಗೂ ನಿಲ್ಲಿಸದೆ ಓದಿಬಿಟ್ಟರು.

ಅಕ್ಕ ಅಳುವುದಕ್ಕೆ ಶುರು ಮಾಡಿದಳು. ದೊಡ್ಡಪ್ಪ ಕೆಂಪಾದರು. ಇದು ಹಗೆತನ, ಮೇಲ್ಮನವಿ ಹಾಕಲೇಬೇಕು, ಆ ಮಂಡಳಿಯವರನ್ನೆಲ್ಲ ಕಟಕಟೆಗೆ ಎಳೆಯುತ್ತೇನೆ ಅಂತ ಪೆನ್ನಿನ ಮುಚ್ಚಳ ಬಿಚ್ಚಿದರು. ಆಗ ಪಿಟೀಲು ಬಾಯಿ ಬಿಟ್ಟಳು.

"ಬರೀಬೇಡಿ ದೊಡ್ಡಪ್ಪ. ಅವರು ಎಣಿಸಿದ್ದು ಸರಿಯಾಗಿದೆ. ನಂಗೆ ಮೊದಲೇ ಗೊತ್ತಿತ್ತು."

ಅವಳು ಎಲ್ಲವನ್ನೂ ಹೇಳಿದಳು, ನನ್ನ ಹೆಸರೊಂದನ್ನು ಬಿಟ್ಟು. ಬಾಯಿ ಮುಚ್ಚಿಕೊಂಡಿರು ಅಂದದ್ದು ನಾನೇ ಅಂತ ಎದ್ದು ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಆ ಹೊತ್ತಿನಲ್ಲಿ ಲೋಟಗಳನ್ನು ಒಳಗಿಡುವುದು ನನಗೆ ಹೆಚ್ಚು ತುರ್ತಾಗಿ ಕಂಡಿತು. ಗೊತ್ತಿದ್ದೂ ಯಾಕೆ ಸಹಿ ಹಾಕಿದೆ ಅಂತ ಅಕ್ಕ ಕೂಗಿದಳು. ಭಾವ ಮಾತ್ರ ಮಗಳ ಹತ್ತಿರಕ್ಕೆ ಸರಿದು ಕೂತರು. ಕೇಳಿದರು:

"ಆ ಬಿಟ್ಟಿದ್ದ ಪ್ರಶ್ನೆ ಏನಿತ್ತು?"

ಪಿಟೀಲು ಹೇಳಿದಳು. ಈಗ ಉತ್ತರ ಗೊತ್ತಾ ಅಂದರು. ಗೊತ್ತು ಅಂದಳು. ಹೇಳು ನೋಡೋಣ ಅಂದರು. ಅವಳು ಅಕ್ಕನ ಸೀಮೆಸುಣ್ಣ ತಗೊಂಡು, ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಬರೆದು ಬರೆದು ಕಾಲು ಗಂಟೆ ವಿವರಿಸಿದಳು. ಭಾವನಿಗೆ ಒಂದಕ್ಷರ ಅರ್ಥವಾಗಲಿಲ್ಲ ಅನ್ನುವುದು ಅವರ ಮುಖದಲ್ಲೇ ಇತ್ತು. ಆದರೂ ಕೊನೆಯವರೆಗೂ ತಲೆಯಾಡಿಸುತ್ತಾ ಕೇಳಿ, ಸರಿಯಾಗಿದೆ ಅಂದರು. ಪಿಟೀಲು ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು.

ಮುಂದಿನ ತಿಂಗಳು ಆ ದೊಡ್ಡ ವಿಶ್ವವಿದ್ಯಾಲಯದ ಪಟ್ಟಿ ಬಂತು. ಗಣಿತದ ಪತ್ರಿಕೆ ಈ ಸಲ ಎಲ್ಲರನ್ನೂ ಅಳಿಸಿತ್ತಂತೆ. ಕೊನೆಯ ಸೀಟು ತೊಂಬತ್ತೆರಡಕ್ಕೆ ಹೋಗಿತ್ತು. ಅಂದರೆ ನಾವು ಏನೂ ಮಾಡದೆ ಕಾಲು ಚಾಚಿ ಮಲಗಿದ್ದಿದ್ದರೆ ಅವಳು ಒಳಗಿರುತ್ತಿದ್ದಳು. ದೊಡ್ಡಪ್ಪ ನಾಲ್ಕು ದಿನ ಈ ಕಡೆ ಸುಳಿಯಲಿಲ್ಲ. ಐದನೇ ದಿನ ಬಂದಾಗ ಅವರಿಗೆ ಎಲ್ಲವೂ ಬೇರೆಯೇ ಥರ ನೆನಪಿತ್ತು. ಲೆಕ್ಕದಲ್ಲಿ ಏನೋ ಹೆಚ್ಚಾಗಿದೆ ಅಂತ ತಮಗೆ ಮೊದಲೇ ಅನುಮಾನವಿತ್ತಂತೆ, ನಮ್ಮ ಮನೆತನದ ಹುಡುಗಿ ಯಾರದೋ ತಪ್ಪಿನಿಂದ ಸೀಟು ಗಿಟ್ಟಿಸಬಾರದು ಅಂತಲೇ ಅರ್ಜಿ ಹಾಕಿಸಿದರಂತೆ. ಇದನ್ನು ಅವರು ಈಗ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಕೇಳಿದವರು ಅವರ ಪ್ರಾಮಾಣಿಕತೆಯನ್ನು ಹೊಗಳುತ್ತಾರೆ.

ಪಿಟೀಲು ಯಾರನ್ನೂ ಕೇಳದೆ ಬೇರೊಂದು ವಿಶ್ವವಿದ್ಯಾಲಯಕ್ಕೆ ಬರೆದಳು. ಬಸ್ಸಿನಲ್ಲಿ ಒಂಬತ್ತು ಗಂಟೆ ದೂರ. ಅದೇ ಓದು, ಅಷ್ಟೇ ವರ್ಷ, ಕೊನೆಯ ಸೀಟು ಎಂಬತ್ತೆಂಟಕ್ಕೆ. ಅದರ ಹೆಸರು ಹೇಳಿದರೆ ನೆಂಟರು "ಓ, ಹೌದಾ" ಅಂತ ಎಳೆದು, ಮಾತು ಬದಲಿಸಿ ನಮ್ಮ ಮೇಲೆ ಕರುಣೆ ತೋರಿಸುತ್ತಾರೆ. ಅರ್ಜಿಯ ಜೊತೆ ತನ್ನ ಬಗ್ಗೆ ಬರೆಯುವ ಪುಟದಲ್ಲಿ ಅವಳು ಪಂಜರ ತೊಳೆಯುವುದು ಹೇಗೆ ಅಂತ ಬರೆದಿದ್ದಳು. ಅವರು ಅದನ್ನು ಓದಿದರೋ ಇಲ್ಲವೋ, ಸೀಟಂತೂ ಕೊಟ್ಟರು.

ಅವಳು ಅಲ್ಲಿಗೆ ಹೋದ ಎರಡನೇ ವಾರ, ನಾನು ಆಸ್ಪತ್ರೆಯ ಮೇಜಿನಲ್ಲಿದ್ದಾಗ ಫೋನ್ ಮಾಡಿದಳು. ಎದುರಿಗೆ ಒಬ್ಬರು ಕೆನ್ನೆ ಹಿಡಿದುಕೊಂಡು ಕಾಯುತ್ತಿದ್ದರು. ಹಸುವೊಂದು ಮೊಣಕಾಲಿಗೆ ಒದ್ದಿದೆ, ಇಷ್ಟು ದಪ್ಪ ಊದಿದೆ ಅಂದಳು. ನನಗೆ ಗಾಬರಿಯಾಯಿತು. ನೋವಿದೆಯೇನೇ ಅಂತ ಕೇಳಿದೆ.

"ಸಿಕ್ಕಾಪಟ್ಟೆ," ಅಂದಳು. ಆ ದನಿಯಲ್ಲಿದ್ದ ಖುಷಿ ಕೇಳಿ, ಅವಳಮ್ಮನಿಗೆ ಏನಂತ ಹೇಳಲಿ ಅಂತ ನನಗೆ ಹೊಳೆಯಲಿಲ್ಲ.