ಈಟಿ ತಾಗಿಸಿಕೊಂಡವನು

ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಹರೇಕನ ಜ್ವರ ಬಿಟ್ಟಿತು. ಆ ಹೊತ್ತಿಗಾಗಲೇ ಅವನನ್ನು ಯುದ್ಧದೇವರು ಓಡಿನ್‌ಗೆ ಒಪ್ಪಿಸಿ ಆಗಿತ್ತು.

ಹಾಸಿಗೆಯಲ್ಲಿ ಸತ್ತವನಿಗೆ ಓಡಿನ್‌ನ ಸಭೆಯಲ್ಲಿ ಜಾಗವಿಲ್ಲ. ಹಾಗಾಗಿ ಹಿಂದಿನ ಸಂಜೆ, ಅಪ್ಪ ಬೆಳಗಿನವರೆಗೆ ಉಳಿಯುವುದಿಲ್ಲವೆಂದು, ಮಗ ಕೆಟಿಲ್ ಅವನ ಎದೆಯ ಮೇಲೆ ಈಟಿಯ ಮೊನೆಯಿಂದ ಗೀರಿದ್ದ. ಯುದ್ಧದ ಗಾಯವೆಂದು ಲೆಕ್ಕ. ಗಾಯ ಕಂಡರೆ ವಾಲ್ಕಿರಿಗಳು, ಸತ್ತ ವೀರರನ್ನು ಆರಿಸಿ ಒಯ್ಯುವ ಕನ್ನೆಯರು, ಕುದುರೆಯೇರಿ ಬರಬೇಕು. ಹರೇಕ ಶಿರಸ್ತ್ರಾಣ ತೊಟ್ಟೇ ಮಲಗಿದ್ದ.

ಯಾರೂ ಬರಲಿಲ್ಲ. ಅಥವಾ ಬಂದು, ಬಾಗಿಲಲ್ಲೇ ನಿಂತು ನೋಡಿ, ಬೇಡವೆಂದು ಹೋದರೋ. ಎರಡನೆಯದು ಅವನನ್ನು ಹೆಚ್ಚು ಕಾಡಿತು. ಸತ್ತವರ ನೆನಪಿನ ಕಲ್ಲುಗಳಿಗೆ ಅಕ್ಷರ ಕೊರೆಯುವುದು ಅವನ ಕಸುಬು. 'ಕನ್ನೆಯರು ಬಂದು ಕರೆದೊಯ್ದರು' ಎಂದು ಹತ್ತೊಂಬತ್ತು ಜನರಿಗೆ ಕೊರೆದಿದ್ದ. ಅವರಲ್ಲೊಬ್ಬ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿ ಸತ್ತವನು.

ಸೊಸೆ ಆಲೋಫ್ ಗಂಜಿ ತಂದಿಟ್ಟಳು. ಮುಖ ನೋಡಲಿಲ್ಲ. ತೊಟ್ಟಿಲಲ್ಲಿದ್ದ ಮೂರು ದಿನದ ಕೂಸಿಗೆ, "ಸುಮ್ನಿರೋ ಹರೇಕ," ಅಂದಳು.

ಅವನು ಚಮಚ ಕೆಳಗಿಟ್ಟ.

ಸತ್ತ ಅಜ್ಜನ ಹೆಸರು ಮೊಮ್ಮಗನಿಗೆ. ಹೆಸರಿನ ಜೊತೆ ಅದೃಷ್ಟವೂ. ತಡಮಾಡಿದರೆ ಅದು ಬೇರೆ ಮನೆ ಸೇರುತ್ತದೆಂದು ಕೆಟಿಲ್, ಈಟಿ ಒರೆಸಿಟ್ಟವನೇ ಕೂಸಿನ ಮೇಲೆ ನೀರು ಸುರಿದು ಹೆಸರಿಟ್ಟಿದ್ದ.

ಹೆಸರು ವಾಪಸು ಕೊಡು ಎಂದು ಹರೇಕ ಮಗನನ್ನು ಕೇಳಿದ. ನೀರು ಸುರಿದು ಆಗಿದೆ, ಬದುಕಿರುವ ಇಬ್ಬರಿಗೆ ಒಂದೇ ಮನೆಯಲ್ಲಿ ಒಂದೇ ಹೆಸರಿದ್ದರೆ ಒಬ್ಬ ಉಳಿಯುವುದಿಲ್ಲ ಎಂದು ಕೆಟಿಲ್ ತಗ್ಗಿದ ದನಿಯಲ್ಲಿ ವಿವರಿಸಿದ. ತಿಥಿಗೆ ಬಾರ್ಲಿ ಮದ್ಯ ಸಿದ್ಧವಿದೆ. ಆಚೆ ಕಣಿವೆಯವರಿಗೆ ಹೇಳಿಕಳಿಸಿಯೂ ಆಗಿದೆ.

"ಹಾಗಾದ್ರೆ ನನ್ನನ್ನ ಏನಂತ ಕರೀತೀಯ?"

"ಕರೆಯೋ ಪ್ರಮೇಯ ಎಲ್ಲಿ ಬರುತ್ತಪ್ಪ? ಇಲ್ಲೇ ಇರ್ತೀಯಲ್ಲ."

"ನಾನು ಬದುಕಿದೀನಿ ಕಣೋ."

"ಅದನ್ನ ನಾವೇನು ತಪ್ಪು ಅಂದ್ವಾ?"

ಮಧ್ಯಾಹ್ನ ಹರೇಕ ಶಿರಸ್ತ್ರಾಣ ತೊಟ್ಟು ಅಂಗಳದ ಕಲ್ಲುಗೋಡೆಯ ಮೇಲೆ ಕುಳಿತ. ಎದೆಯ ಗೀರು ತುರಿಸುತ್ತಿತ್ತು, ಮಾಯುತ್ತಿದೆ ಎಂದರ್ಥ. ಉಗುರಿನಿಂದ ಕೆರೆದು ಮತ್ತೆ ರಕ್ತ ಬರಿಸಿದ.

ಮಂಜಿನೊಳಗಿಂದ ಮೂವರು ಹೆಂಗಸರು ಕುದುರೆಗಳ ಮೇಲೆ ಬಂದರು. ಬೂದು ಬಣ್ಣದ ಹೊದಿಕೆ. ಅವನು ಎದ್ದು ನಿಂತ. ಅಂಗಿ ಸರಿಸಿ ಎದೆ ತೋರಿಸಿದ.

"ಬಟ್ಟೆ ಸರಿಮಾಡ್ಕೋ ಅಜ್ಜ," ಮುಂದಿದ್ದವಳು ಹೇಳಿದಳು. "ಹರೇಕನ ತಿಥಿ ಈ ಮನೇಲೇ ತಾನೆ?"

ಹೌದೆಂದು ತಲೆಯಾಡಿಸಿದ. ಮೂವರೂ ಇಳಿದು, ಮೂರೂ ಕುದುರೆಗಳ ಲಗಾಮನ್ನು ಅವನ ಕೈಗೆ ಕೊಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕೆಟಿಲ್ ಮನೆಯ ಯಜಮಾನನಾಗಿ ಅಪ್ಪನ ಪೀಠದಲ್ಲಿ ಕುಳಿತು, ಸತ್ತವನ ಹೆಸರು ಹೇಳಿ, ಕೊಂಬಿನ ಬಟ್ಟಲಲ್ಲಿ ಮೊದಲ ಮದ್ಯ ಕುಡಿದ.